ನಲವತ್ತು ಪರ್ಸೆಂಟ್ ಮಳೆಗೆ ಎಷ್ಟು ನೆನೆಯಬೇಕು?

ಕಳೆದ ಶನಿವಾರ ಬನ್ನೂರಿನ ಬಳಿ ಕಾವೇರಿ ದಂಡೆಯಲ್ಲಿ, ಲೈಸೆನ್ಸ್ ಪಡೆದು ಮೀನು ಹಿಡಿಯುವ ಹಿರಿಯರೊಬ್ಬರು ಕೇಳಿದ ಆ ಪ್ರಶ್ನೆ ಇನ್ನೂ ನನ್ನ ತಲೆಯಿಂದ ಇಳಿದಿಲ್ಲ.

ಸಂಜೆ ಮಳೆಯ ಸಾಧ್ಯತೆ ಶೇಕಡಾ 40 ಎಂದು ಗೆಳೆಯನ ಮೊಬೈಲು ತೋರಿಸುತ್ತಿತ್ತು. ಅರ್ಧಕ್ಕಿಂತ ಕಡಿಮೆಯಾದದ್ದು ಬರುವುದೇ ಇಲ್ಲವೆಂಬುದು ಅವನ ಲೆಕ್ಕ. ದುಬಾರಿ ಸಾಮಾನು ಕೊಂಡವರಿಗೆ ಅನುಮಾನವೆಂಬುದು ಕಡಿಮೆ ಎಂದು ನನಗೆ ಮೊದಲಿನಿಂದಲೂ ಅನ್ನಿಸಿದೆ. ತೆಂಗಿನ ತೋಟದಲ್ಲಿ ಟೆಂಟು ಹೂಡಿ, 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮಹಶೀರ್ ಮೀನಿನ ಕಥೆಯನ್ನು ಅವನು ಮಧ್ಯಾಹ್ನವಿಡೀ ಹೇಳಿದ. ಗಾಳಕ್ಕೆ ಬಿದ್ದದ್ದು ಮಾತ್ರ ಅಂಗೈಯಗಲದ ಜಿಲೇಬಿ ಮೀನು. ಹಿರಿಯರು ಕಥೆಗೆ ಹೂಂಗುಟ್ಟುತ್ತ, ಬೇಯಿಸಿದ ರಾಗಿ ಹಿಟ್ಟನ್ನು ಹೆಬ್ಬೆರಳಿನಿಂದ ನಾದಿ, ಗಾಳದ ಮೊನೆ ಕಾಣದಷ್ಟೇ ತೆಳುವಾಗಿ ಮೆತ್ತುತ್ತಿದ್ದರು.

ನಾಲ್ಕರ ಹೊತ್ತಿಗೆ ಗಾಳಿ ಪೂರಾ ನಿಂತು ಪಡುವಣ ಕಪ್ಪಾಯಿತು. "ಟೆಂಟು ಕಿತ್ತಾಕಿ, ತೆಂಗಿನ ಮರದಡಿ ಬ್ಯಾಡ, ತ್ವಾಟದ ಮನೆಗೆ ಬನ್ನಿ" ಎಂದರು ಹಿರಿಯರು. ಗೆಳೆಯ ಮೊಬೈಲು ಚಾಚಿದ. "ನಲವತ್ತು ಪರ್ಸೆಂಟ್ ಮಳೆ ಅಂದ್ರೆ ಎಷ್ಟು ನೆನೀಬೇಕು ಸ್ವಾಮಿ?" ಎಂದು ಅವರು ಕೇಳಿದರು. ಇವನು ಶಾಲೆಯ ಹುಡುಗನಿಗೆ ಹೇಳುವಂತೆ ಸಂಭವನೀಯತೆಯನ್ನು ವಿವರಿಸಿದ. ಅವರು ಪೂರ್ತಿ ಕೇಳಿಸಿಕೊಂಡು, ಅದೇ ಪ್ರಶ್ನೆಯನ್ನು ಅದೇ ಧಾಟಿಯಲ್ಲಿ ಮತ್ತೊಮ್ಮೆ ಕೇಳಿದರು. ಅಷ್ಟರಲ್ಲಿ ಧೂಳೆಬ್ಬಿಸಿಕೊಂಡು ಗಾಳಿ ಬಂತು, ಅದರ ಬೆನ್ನಿಗೇ ಸಿಡಿಲು ಮತ್ತು ಆಲಿಕಲ್ಲು. ನಾವು ಪಡಸಾಲೆ ಸೇರುವಷ್ಟರಲ್ಲಿ ಎರಡು ಎಳನೀರು, ಒಂದು ಒಣಗರಿ ಟೆಂಟಿನ ಮೇಲೆ ಬಿದ್ದಿದ್ದವು.

ಮರಳುವಾಗ ಮೂರ್ನಾಲ್ಕು ಕಿಲೋಮೀಟರ್ ಆಚೆಗೆ ರಸ್ತೆಯ ಧೂಳೂ ಅಡಗಿರಲಿಲ್ಲ. ಮುಂಗಾರು ಪೂರ್ವ ಮಳೆಯ ಸ್ವಭಾವವೇ ಹಾಗೆ: ಹಗಲೆಲ್ಲ ಕಾದ ನೆಲದ ಮೇಲಿನ ತೇವದ ಗಾಳಿ ಮೇಲೇರಿ ಸಂಜೆಗೆ ಗುಡುಗು ಮೋಡವಾಗುತ್ತದೆ, ಒಂದೂರನ್ನು ತೋಯಿಸಿ ಪಕ್ಕದೂರನ್ನು ಬಿಡುತ್ತದೆ. ಆದ್ದರಿಂದ ಮುನ್ಸೂಚನೆ ಸುಳ್ಳಾಗಲಿಲ್ಲವೆಂಬ ಗೆಳೆಯನ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಆ ಅಂಕಿ ಒಂದು ಸೀಮೆಯದು, ಹಿರಿಯರು ಕೇಳಿದ್ದು ಒಂದು ಮರದ ಬುಡದ ಮಾತು. ಮಳೆ ಬರುತ್ತದೆಯೇ ಎಂದು ಅವರು ಒಮ್ಮೆಯೂ ಚರ್ಚಿಸಲಿಲ್ಲ, ಬಂದರೆ ನಾವು ಎಲ್ಲಿರುತ್ತೇವೆ ಎಂಬುದನ್ನಷ್ಟೇ ನೋಡಿದರು. ಅವರದು ಕುಹಕವೆಂದು ಗೆಳೆಯ ಇನ್ನೂ ನಂಬಿದ್ದಾನೆ.

ಬರುವ ಶನಿವಾರಕ್ಕೆ ಶೇಕಡಾ 20 ಎಂದು ಅವನು ಇವತ್ತು ಸಂದೇಶ ಕಳುಹಿಸಿದ್ದಾನೆ. ಟೆಂಟು ಎಲ್ಲಿ ಹೂಡುವುದೆಂದು ಬರೆದಿಲ್ಲ.