ತಾರಸಿಯ ಊನೊದಿಂದ ಕೆಳಗಿನ ಪೈಗೆ: ಹತ್ತು ಬೈಟಿನ ಲೆಕ್ಕ

ತಾರಸಿಯ ಟ್ಯಾಂಕಿನ ಪಕ್ಕ ಒಂದು ಆರ್ಡುಯಿನೊ ಊನೊ (ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡ್), ಕೆಳಗೆ ಸಂಪ್ ಮೋಟರಿನ ಸ್ವಿಚ್ ಹತ್ತಿರ ಒಂದು ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್), ನಡುವೆ ಎರಡು ಎನ್‌ಆರ್‌ಎಫ್24ಎಲ್01 ಪ್ಲಸ್ ರೇಡಿಯೊ ಮಾಡ್ಯೂಲ್. ಟ್ಯಾಂಕಿನ ನೀರಿನ ಮಟ್ಟ, ಉಷ್ಣಾಂಶ ಕೆಳಗೆ ಬರಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಒಂದು ಸಲ ಹೋಗಿಬಂದರೆ ಸಾಮಾನು ಮುಗಿಯಿತು. ತಲೆನೋವು ಶುರುವಾಗುವುದು ಆಮೇಲೆ.

ಊನೊದಲ್ಲಿ ಒಂದು ಸ್ಟ್ರಕ್ಟ್, ಅಂದರೆ ಹಲವು ಅಂಕಿಗಳನ್ನು ಒಟ್ಟಿಗೆ ಕಟ್ಟಿದ ಗಂಟು: ನೋಡ್ (ಕಳಿಸುವ ಸಾಧನ) ನಂಬರ್ 1 ಬೈಟ್, ಉಷ್ಣಾಂಶ ಫ್ಲೋಟ್ (ದಶಮಾಂಶ ಸಂಖ್ಯೆ) 4 ಬೈಟ್, ಮಟ್ಟ 2 ಬೈಟ್, ಕ್ರಮಸಂಖ್ಯೆ 4 ಬೈಟ್. ಒಟ್ಟು 11. ಅದೇ ಸ್ಟ್ರಕ್ಟನ್ನು ಪೈಯಲ್ಲಿ ಸಿ++ಗೆ ಅಂಟಿಸಿದರೆ 16 ಆಗುತ್ತದೆ. ಫ್ಲೋಟ್, ಕ್ರಮಸಂಖ್ಯೆ ಎರಡೂ ನಾಲ್ಕರ ಗಡಿಯಲ್ಲೇ ಕೂರಬೇಕೆಂದು ಕಂಪೈಲರ್ ನೋಡ್ ನಂಬರಿನ ನಂತರ 3 ಖಾಲಿ ಬೈಟ್, ಮಟ್ಟದ ನಂತರ 2 ಖಾಲಿ ಬೈಟ್ ತುರುಕುತ್ತದೆ. 8 ಬಿಟ್‌ನ ಊನೊಗೆ ಆ ಹಂಗಿಲ್ಲ. ಫಲ: ಮೇಲಿನಿಂದ 27.35 ಡಿಗ್ರಿ, 1240 ಮಿ.ಮೀ., ಕ್ರಮಸಂಖ್ಯೆ 7 ಹೊರಟರೆ ಕೆಳಗೆ ನೋಡ್ ನಂಬರ್ ಮಾತ್ರ ಸರಿ, ಉಷ್ಣಾಂಶ 0.00, ಮಟ್ಟ 0. ತಕ್ಷಣ ಎಲ್ಲರೂ ಆಂಟೆನಾ ತಿರುಗಿಸಲು ಹೋಗುತ್ತಾರೆ.

ಹೋಗಬೇಡಿ. ಈ ರೇಡಿಯೊ ಪ್ರತಿ ಪ್ಯಾಕೆಟ್‌ಗೂ ಸಿಆರ್‌ಸಿ (ತಪ್ಪು ಹಿಡಿಯುವ ಸಂಖ್ಯೆ) ನೋಡುತ್ತದೆ, ಕೆಟ್ಟಿದ್ದನ್ನು ಒಳಗೇ ಬಿಸಾಡುತ್ತದೆ. ಅಂಕಿ ತಪ್ಪು ಬಂದರೆ ಸ್ಟ್ರಕ್ಟ್ ನೋಡಿ. ಅಂಕಿ ಬರದೇ ಹೋದರೆ ಕರೆಂಟು, ಚಾನಲ್ ನೋಡಿ.

ಸ್ಟ್ರಕ್ಟಿಗೆ ಪ್ಯಾಕ್ಡ್ (ಖಾಲಿ ಬೈಟ್ ತುರುಕಬೇಡ) ಅಂತ ಹಚ್ಚಿದರೆ ಎರಡೂ ಕಡೆ 11 ಆಗುತ್ತದೆ, ನಿಜ. ನನಗೆ ಅದಕ್ಕಿಂತ ಫೀಲ್ಡುಗಳನ್ನೇ ಸರಿಯಾಗಿ ಜೋಡಿಸುವುದು ಮೇಲು: ಆವೃತ್ತಿ 1 ಬೈಟ್, ನೋಡ್ 1, ಕ್ರಮಸಂಖ್ಯೆ 2, ಮಟ್ಟ ಮಿ.ಮೀ.ನಲ್ಲಿ 2, ಉಷ್ಣಾಂಶ ನೂರರಿಂದ ಗುಣಿಸಿ ಪ್ಲಸ್-ಮೈನಸ್ ಚಿಹ್ನೆಸಹಿತ 2, ಬ್ಯಾಟರಿ ಮಿಲಿವೋಲ್ಟ್ 2. ಹತ್ತೇ ಬೈಟ್, ಎಲ್ಲೂ ಸಂದಿಲ್ಲ. ಬರೀ ಇಂಟ್ ಅಂತ ಬರೆಯಲೇಬೇಡಿ, ಊನೊದಲ್ಲಿ ಅದು 2 ಬೈಟ್, ಪೈಯಲ್ಲಿ 4. ಡಬಲ್ ಕೂಡ ಅಷ್ಟೇ, ಅಲ್ಲಿ 4, ಇಲ್ಲಿ 8. ಹೆಸರಲ್ಲೇ ಅಗಲ ಹೇಳುವ ಟೈಪುಗಳೇ ಇರಲಿ, ಕೆಳಗೊಂದು ಸ್ಟ್ಯಾಟಿಕ್ ಅಸರ್ಟ್ ಹಾಕಿ, ಗಾತ್ರ 10 ಅಲ್ಲದಿದ್ದರೆ ಕಂಪೈಲೇ ಆಗಬಾರದು. ಬೈಟುಗಳ ಸರದಿಯ ಚಿಂತೆ ಇಲ್ಲಿಲ್ಲ, ಎರಡೂ ಲಿಟ್ಲ್ ಎಂಡಿಯನ್ (ಕಿರಿಯ ಬೈಟ್ ಮೊದಲು).

ಪೈಥಾನ್‌ನಲ್ಲಿ ಪ್ಯಾಕೆಟ್ ಬಿಡಿಸುವಾಗ ಸ್ಟ್ರಕ್ಟ್ ಫಾರ್ಮ್ಯಾಟಿನ ಮೊದಲು ಲೆಸ್ ದ್ಯಾನ್ ಚಿಹ್ನೆ (<) ಇರಲಿ; ಇಲ್ಲದಿದ್ದರೆ ಫೀಲ್ಡುಗಳ ನಡುವೆ ಸಂದು ಬರುವ ಜೋಡಣೆಯಲ್ಲಿ ಅದೂ ಪೈಯ ಅಭ್ಯಾಸದಂತೆ ಖಾಲಿ ಬೈಟ್ ಲೆಕ್ಕ ಹಾಕುತ್ತದೆ. ಪೇಲೋಡ್ (ಪ್ಯಾಕೆಟ್ಟಿನೊಳಗಿನ ಮಾಹಿತಿ) ಗಾತ್ರ ಹೇಳದಿದ್ದರೆ ರೇಡಿಯೊ ಪೂರ್ತಿ 32 ಬೈಟ್ ಕೊಡುತ್ತದೆ, ಮೊದಲ 10 ಕತ್ತರಿಸಿಕೊಳ್ಳಿ. ಆ 32 ಗರಿಷ್ಠ ಮಿತಿಯೂ ಹೌದು. ಉದ್ದುದ್ದ ಪಠ್ಯರೂಪದ ಜೇಸನ್ ಕಳಿಸುವ ಆಸೆ ಅಲ್ಲಿಗೇ ಮುಗಿಯಿತು.

ಇನ್ನು ಪ್ಯಾಕೆಟ್ ಬರದಿರುವುದು. ಮಾಡ್ಯೂಲಿಗೆ 3.3 ವೋಲ್ಟ್ ಮಾತ್ರ, 5 ಕೊಟ್ಟರೆ ಸುಡುತ್ತದೆ. ವಿಸಿಸಿ ಮತ್ತು ಗ್ರೌಂಡ್ ಪಿನ್ನುಗಳಿಗೆ, ಮಾಡ್ಯೂಲಿನ ಮೇಲೇ, 10ರಿಂದ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೆಸುಗೆ ಹಾಕಿ. ಬ್ರೆಡ್‌ಬೋರ್ಡಿನ ಆ ತುದಿಯಲ್ಲಿಟ್ಟರೆ ಲಾಭ ಕಡಿಮೆ. ಉದ್ದ ಆಂಟೆನಾದ ಪಿಎ (ಸಿಗ್ನಲ್ ಹೆಚ್ಚಿಸುವ) ಮಾಡ್ಯೂಲ್ ಆದರೆ ಊನೊದ 3.3 ಪಿನ್ ಸಾಲದು, ಅದರ ಮಿತಿ 50 ಮಿಲಿಆಂಪ್. ಬೇರೆ ರೆಗ್ಯುಲೇಟರ್ ಬೇಕು.

ಮಹಡಿಗಳ ಕಾಂಕ್ರೀಟ್ ದಾಟಲು ವೇಗವನ್ನು 250 ಕೆಬಿಪಿಎಸ್‌ಗೆ ಇಳಿಸಿ. ಪ್ಲಸ್ ಇಲ್ಲದ ಹಳೆಯ ಚಿಪ್ಪಿನಲ್ಲಿ ಆ ವೇಗವೇ ಇಲ್ಲ. ಚಾನಲ್ ಸಂಖ್ಯೆಗೆ 2400 ಕೂಡಿಸಿದರೆ ಮೆಗಾಹರ್ಟ್ಸ್ ಸಿಗುತ್ತದೆ. ಅಪಾರ್ಟ್‌ಮೆಂಟಿನ ರೂಟರುಗಳು ಹೆಚ್ಚಾಗಿ ಕೂರುವ ವೈಫೈ 1, 6, 11 ಸುಮಾರು 2472ರ ತನಕ ಹರಡುತ್ತವೆ. 78 ಇಟ್ಟರೆ 2478, ಸಾಕಷ್ಟು ಶಾಂತ. ಟ್ಯುಟೋರಿಯಲ್‌ಗಳಲ್ಲಿ ಕಾಣುವ 108 ಬೇಡ. ಅದು 2508, ಪರವಾನಗಿ ಬೇಡದ ಆವರ್ತನ ಪಟ್ಟಿ 2483.5ಕ್ಕೇ ಮುಗಿಯುತ್ತದೆ.

ಕ್ರಮಸಂಖ್ಯೆ ಇಟ್ಟಿದ್ದು ಕಳೆದುಹೋದದ್ದನ್ನು ಎಣಿಸಲಿಕ್ಕೆ. ಅದು ಮತ್ತೆ ಮತ್ತೆ 0ಯಿಂದ ಶುರುವಾದರೆ ಊನೊ ರೀಸೆಟ್ ಆಗುತ್ತಿದೆ, ಕರೆಂಟು ನೋಡಿ. 30 ಸೆಕೆಂಡಿಗೊಂದು ಪ್ಯಾಕೆಟ್ ಆದರೆ ಸುಮಾರು 23 ದಿನಕ್ಕೊಮ್ಮೆ 65535 ಮುಟ್ಟಿ ತಾನಾಗಿಯೂ 0 ಆಗುತ್ತದೆ. ಹಾಗಾಗಿ ಪೈಥಾನ್‌ನಲ್ಲಿ ಹೊಸದರಿಂದ ಹಳೆಯದನ್ನು ಕಳೆದು, 65536ರಿಂದ ಭಾಗಿಸಿ ಶೇಷವನ್ನೇ ಇಟ್ಟುಕೊಳ್ಳಿ.