ಇನ್ನೈದು ಸಾವಿರ ಸೇರಿಸಬೇಕೇ? ಅಗ್ಗದ ಲ್ಯಾಪ್‌ಟಾಪ್ ಕೊಳ್ಳುವವರಿಗೆ ನನ್ನ ಉತ್ತರ

ಪಿಯುಸಿ ಫಲಿತಾಂಶ ಬಂದು ಕಾಲೇಜುಗಳಲ್ಲಿ ಪ್ರವೇಶ ಆರಂಭವಾದ ಮೇಲೆ ನನಗೆ ಬರುವ ಕರೆಗಳಲ್ಲಿ ಬಹುಪಾಲು ಅಂಗಡಿಯೊಳಗಿನಿಂದಲೇ ಬರುತ್ತವೆ. ಕರೆ ಮಾಡಿದವರು ಹಳೆಯ ವಿದ್ಯಾರ್ಥಿಯ ತಂದೆಯೋ ದೂರದ ನೆಂಟರೋ ಆಗಿರುತ್ತಾರೆ. ಹಿನ್ನೆಲೆಯಲ್ಲಿ ಅಂಗಡಿಯ ಹುಡುಗನ ವಿವರಣೆ ನಿಲ್ಲದೆ ನಡೆದಿರುತ್ತದೆ. "ಮೇಷ್ಟ್ರೇ, ನಲವತ್ತು ಸಾವಿರದ್ದೊಂದು ನೋಡಿದೀವಿ. ಇನ್ನೈದು ಸಾವಿರ ಹಾಕಿದ್ರೆ ಹದಿನಾರು ಜಿಬಿ ಬರುತ್ತಂತೆ, ಅದರ ಮೇಲೆ ಇನ್ನೊಂದಿಷ್ಟು ಹಾಕಿದ್ರೆ ಐ5 ಅಂತೆ. ಹಾಕೋದಾ ಬೇಡ್ವಾ?" ಹದಿನಾರು ಜಿಬಿ ಎನ್ನುವುದು ರ್ಯಾಮಿನ (ತೆರೆದಿಟ್ಟ ಕೆಲಸಗಳಿಗೆ ಬೇಕಾದ ತಾತ್ಕಾಲಿಕ ನೆನಪು) ಅಳತೆ, ಐ5 ಎನ್ನುವುದು ಪ್ರೊಸೆಸರಿನ (ಯಂತ್ರದ ಮಿದುಳು) ಹೆಸರು. ಕಂಪ್ಯೂಟರ್ ಪಾಠ ಮಾಡುವವನಿಗೆ ಇದೆಲ್ಲ ಗೊತ್ತಿರಲೇಬೇಕೆಂಬುದು ಅವರ ನಂಬಿಕೆ. ಫೋನಿನಲ್ಲಿ ಅವಸರದಿಂದ ಹೇಳಿದ್ದು ಅರ್ಧ ಮಾತ್ರ ತಲುಪುವುದರಿಂದ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಅವರಿಗೆ ನಾನು ಮೊದಲು ಕೇಳುವ ಮರುಪ್ರಶ್ನೆ ಒಂದೇ: ಅದನ್ನು ಮುಂದೆ ಬೇಕಾದಾಗ ಹಾಕಿಸಿಕೊಳ್ಳಲು ಬರುತ್ತದೆಯೇ? ಮನೆ ಕಟ್ಟಿಸುವವರಿಗೆ ಇದು ಬೇಗ ಅರ್ಥವಾಗುತ್ತದೆ. ಬಣ್ಣವನ್ನು ಬರುವ ವರ್ಷ ಬಳಿಸಬಹುದು, ಆದರೆ ಪಾಯವನ್ನು ಬರುವ ವರ್ಷ ಅಗಲ ಮಾಡಲಾಗುವುದಿಲ್ಲ. ಕೈಯಲ್ಲಿರುವ ಹಣ ಕಡಿಮೆಯಾದಷ್ಟೂ ಈ ವ್ಯತ್ಯಾಸದ ಬೆಲೆ ಹೆಚ್ಚು. ತೊಡಕೆಂದರೆ, ಲ್ಯಾಪ್‌ಟಾಪಿನಲ್ಲಿ ಯಾವುದು ಪಾಯ, ಯಾವುದು ಬಣ್ಣ ಎಂಬುದು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ.

ರ್ಯಾಮ್ ಇದಕ್ಕೆ ಒಳ್ಳೆಯ ಉದಾಹರಣೆ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಸಾಕೆಂದು ಮೈಕ್ರೋಸಾಫ್ಟ್ ಹೇಳುತ್ತದೆಯಾದರೂ ಅದು ಯಂತ್ರ ಶುರುವಾಗಲು ಬೇಕಾದ ಅಳತೆಯೇ ಹೊರತು ಕೆಲಸ ಮಾಡಲು ಬೇಕಾದದ್ದಲ್ಲ. 8 ಜಿಬಿಯಲ್ಲಿ ವಿಂಡೋಸ್ ತನ್ನ ಪಾಲು ತೆಗೆದುಕೊಂಡು, ಪ್ರತ್ಯೇಕ ಗ್ರಾಫಿಕ್ಸ್ ಇಲ್ಲದ ಯಂತ್ರವಾದ್ದರಿಂದ ಪರದೆಯ ಚಿತ್ರಕ್ಕೂ ಅದರಲ್ಲೇ ಒಂದಿಷ್ಟು ಮೀಸಲಾಗಿ, ಉಳಿದದ್ದನ್ನು ಬ್ರೌಸರ್ ನುಂಗುತ್ತದೆ. ಬಿ.ಕಾಂ. ಓದುವ ಹುಡುಗಿಗೆ ಟ್ಯಾಲಿ, ಎಕ್ಸೆಲ್, ಹತ್ತು ಬ್ರೌಸರ್ ಟ್ಯಾಬ್‌ಗಳಿಗೆ 8 ಜಿಬಿ ಇವತ್ತಿಗೆ ಸಾಲುತ್ತದೆ. ಆಂಡ್ರಾಯ್ಡ್ ಸ್ಟುಡಿಯೊ, ವರ್ಚುವಲ್ ಮಷೀನ್‌ಗಳಂಥ ಭಾರದ ತಂತ್ರಾಂಶ ಓಡಿಸಬೇಕಾದ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಅದು ಸಾಲುವುದಿಲ್ಲ. ಅವನಿಗೆ 16 ಜಿಬಿ ಬೇಕು. ಹಾಗೆಂದ ಮಾತ್ರಕ್ಕೆ ಇಂದೇ, ಈ ಅಂಗಡಿಯಲ್ಲೇ ಬೇಕೇ ಎಂಬುದು ಬೇರೆ ಪ್ರಶ್ನೆ.

ಒಂದೇ ಬೆಲೆಯ ಮೂರು ಲ್ಯಾಪ್‌ಟಾಪ್‌ಗಳನ್ನು ಪಕ್ಕಪಕ್ಕದಲ್ಲಿಟ್ಟರೆ, ಒಂದರಲ್ಲಿ ರ್ಯಾಮ್ ಪಟ್ಟಿಗಳಿಗೆ ಎರಡು ಸ್ಲಾಟ್ ಇರಬಹುದು, ಇನ್ನೊಂದರಲ್ಲಿ ಅರ್ಧ ರ್ಯಾಮ್ ಮದರ್‌ಬೋರ್ಡಿಗೆ ಬೆಸೆದಿದ್ದು ಉಳಿದರ್ಧ ಒಂದು ಸ್ಲಾಟಿನಲ್ಲಿರಬಹುದು, ಮೂರನೆಯದರಲ್ಲಿ ಇಡೀ ರ್ಯಾಮನ್ನೇ ಬೆಸೆದು ಬಾಗಿಲು ಮುಚ್ಚಿರಬಹುದು. ಪೆಟ್ಟಿಗೆಯ ಮೇಲೆ ಮೂರಕ್ಕೂ "8 ಜಿಬಿ" ಎಂದೇ ಬರೆದಿರುತ್ತದೆ. ವಿವರಪಟ್ಟಿಯಲ್ಲಿ ಡಿಡಿಆರ್ ಎಂಬುದರ ಹಿಂದೆ ಎಲ್‌ಪಿ ಅಕ್ಷರಗಳಿದ್ದರೆ, ಅಂದರೆ ಎಲ್‌ಪಿಡಿಡಿಆರ್ ಎಂದಿದ್ದರೆ, ಈ ಬೆಲೆಯ ಯಂತ್ರಗಳಲ್ಲಿ ಅದು ಬೆಸೆದ ರ್ಯಾಮ್ ಎಂದೇ ತಿಳಿಯಬೇಕು. ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಯಂತ್ರವಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ತೆರೆದುಕೊಳ್ಳುವ ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿಯ ಪುಟಕ್ಕೆ ಹೋಗಿ, "ಫಾರ್ಮ್ ಫ್ಯಾಕ್ಟರ್" ಎಂಬ ಸಾಲನ್ನು ನೋಡಿ. ಅಲ್ಲಿ ಸೋಡಿಮ್ ಎಂದಿದ್ದರೆ ಬಿಚ್ಚಿ ಹಾಕುವ ಪಟ್ಟಿ. "ರೋ ಆಫ್ ಚಿಪ್ಸ್" ಎಂದಿದ್ದರೆ ಬೆಸೆದದ್ದು. ಅದೇ ಪುಟದಲ್ಲಿ ಕಾಣುವ ಸ್ಲಾಟ್‌ಗಳ ಲೆಕ್ಕವನ್ನು ಮಾತ್ರ ನಂಬಬೇಡಿ, ಏಕೆಂದರೆ ಬೆಸೆದ ಚಿಪ್‌ಗಳನ್ನೂ ಅಲ್ಲಿ ಸ್ಲಾಟ್‌ಗಳೆಂದು ಎಣಿಸುವುದುಂಟು. ಬೆಸೆದದ್ದರ ಜೊತೆಗೆ ಒಂದು ಸ್ಲಾಟ್ ಇದೆಯೇ ಎಂಬುದನ್ನು ತಯಾರಕರ ಜಾಲತಾಣದಲ್ಲಿ ಆ ಮಾದರಿಯ ಪೂರ್ಣ ಸಂಖ್ಯೆ ಹಾಕಿ ನೋಡುವುದೇ ಸರಿ.

ಪೂರ್ತಿ ಬೆಸೆದ ರ್ಯಾಮ್ ಆಗಿದ್ದು, ಯಂತ್ರವನ್ನು ನಾಲ್ಕೈದು ವರ್ಷ ಓಡಿಸುವ ಇರಾದೆಯಿದ್ದರೆ, ಐದು ಸಾವಿರ ಹೆಚ್ಚಾದರೂ 16 ಜಿಬಿಯದನ್ನೇ ಕೊಳ್ಳಿ. ಸ್ಲಾಟ್ ಖಾಲಿ ಇದ್ದರೆ ಕಾಯಬಹುದು. ಕಾಯುವುದರಲ್ಲಿ ಇನ್ನೊಂದು ಲಾಭವೂ ಇದೆ: ಎರಡು ಪಟ್ಟಿಗಳಿದ್ದಾಗ ಪ್ರೊಸೆಸರ್ ಎರಡು ದಾರಿಗಳಲ್ಲಿ ಒಟ್ಟಿಗೆ ಮಾಹಿತಿ ಪಡೆಯುವುದರಿಂದ, ಒಂದೇ 16ರ ಪಟ್ಟಿಗಿಂತ 8 ಮತ್ತು 8ರ ಜೋಡಿ ಗ್ರಾಫಿಕ್ಸ್ ಕೆಲಸದಲ್ಲಿ ಚುರುಕಾಗಿರುತ್ತದೆ.

"ಈಗ 8 ಕೊಳ್ಳಿ, ಆಮೇಲೆ ಬೆಂಗಳೂರಿನಲ್ಲಿ ಕಂಪ್ಯೂಟರ್ ಬಿಡಿಭಾಗಗಳು ಸಿಗುವ ಎಸ್.ಪಿ. ರಸ್ತೆಗೆ ಹೋದಾಗ ಇನ್ನೊಂದು 8 ಹಾಕಿಸಿ" ಎಂಬುದು ನನ್ನ ಬಹುಕಾಲದ ಸಲಹೆಯಾಗಿತ್ತು. 2025ರ ಕೊನೆಯ ತಿಂಗಳುಗಳಿಂದ ಅದನ್ನು ಕಣ್ಣುಮುಚ್ಚಿ ಹೇಳುವುದನ್ನು ಬಿಟ್ಟಿದ್ದೇನೆ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್‌ಗಳ ಬೇಡಿಕೆ ಏರಿ, ಬಿಡಿಯಾಗಿ ಸಿಗುವ ರ್ಯಾಮಿನ ಬೆಲೆ ವಿಪರೀತ ಹೆಚ್ಚಾಯಿತು. ಆದ್ದರಿಂದ ಕೊಳ್ಳುವ ದಿನವೇ ಬಿಡಿ ಪಟ್ಟಿಯ ಬೆಲೆ ವಿಚಾರಿಸಿ, ಅಂಗಡಿಯವರು ಕೇಳುವ ಹೆಚ್ಚುವರಿ ಹಣದೊಂದಿಗೆ ತೂಗಿ ನೋಡಿ.

ಸ್ಟೋರೇಜ್ ವಿಷಯದಲ್ಲಿ ನನಗೆ ಇಷ್ಟು ಗೊಂದಲವಿಲ್ಲ. 256 ಜಿಬಿ ಎಂದು ಕೊಂಡದ್ದು ಪರದೆಯಲ್ಲಿ 238 ಎಂದು ಕಂಡಾಗ ಮೋಸವಾಯಿತೆಂದು ಸಿಟ್ಟಾಗುವವರಿದ್ದಾರೆ. ತಯಾರಕರು ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುವುದಷ್ಟೇ ಅದರ ಗುಟ್ಟು. ಓದು-ಬರಹಕ್ಕೆ 256 ಸಾಕು, ಸಾಲದಾದರೆ ಬಹಳಷ್ಟು ಯಂತ್ರಗಳಲ್ಲಿ ಹಿಂಬದಿಯ ಮುಚ್ಚಳ ತೆಗೆದು, ಒಂದೇ ಸ್ಕ್ರೂ ಬಿಚ್ಚಿ ದೊಡ್ಡ ಎಸ್ಎಸ್‌ಡಿ (ಚಿಪ್‌ಗಳಲ್ಲೇ ಮಾಹಿತಿ ಉಳಿಸುವ ವೇಗದ ಸ್ಟೋರೇಜ್) ಕೂರಿಸಬಹುದು. ಇದು ಅಪ್ಪಟ ಬಣ್ಣದ ಕೆಲಸ. ತೀರಾ ಅಗ್ಗದ ಯಂತ್ರಗಳಲ್ಲಿ ಬರುವ ಇಎಂಎಂಸಿ ಎಂಬ ಬೆಸೆದ ಸ್ಟೋರೇಜನ್ನು ಮಾತ್ರ ದೂರವಿಡಿ. ಅದು ನಿಧಾನ, ಬದಲಿಸಲೂ ಬರುವುದಿಲ್ಲ. ಸಂಖ್ಯೆಯ ಆಸೆಗೆ ನಾನೂ ಒಮ್ಮೆ ಬಿದ್ದಿದ್ದೆ. 2017ರಲ್ಲಿ 128 ಜಿಬಿ ಎಸ್ಎಸ್‌ಡಿಯನ್ನು ಬಿಟ್ಟು 1 ಟಿಬಿ ಹಾರ್ಡ್ ಡಿಸ್ಕ್ ಇರುವುದನ್ನು ಹೆಮ್ಮೆಯಿಂದ ತಂದೆ. ಬೆಳಿಗ್ಗೆ ಗುಂಡಿ ಒತ್ತಿ, ಹಾಲು ಕಾಯಿಸಿ, ಕಾಫಿ ಬೆರೆಸಿಕೊಂಡು ಬರುವವರೆಗೂ ಅದು ಎಚ್ಚರವಾಗುತ್ತಿತ್ತು. ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಓದಿದರೆ ಹಳೆಯ ಬಗೆಯ ಸಾಟಾ ಎಸ್ಎಸ್‌ಡಿ 500ಕ್ಕೂ ಹೆಚ್ಚು ಓದುತ್ತದೆ, ಹೊಸ ಬಗೆಯ ಎನ್‌ವಿಎಂಇ ಎಸ್ಎಸ್‌ಡಿ ಸಾವಿರಗಳಲ್ಲಿ ಓದುತ್ತದೆ. ಮೊದಲ ಜಿಗಿತ ಬರಿಗಣ್ಣಿಗೆ ಕಾಣುತ್ತದೆ. ಎರಡನೆಯದು ದಿನನಿತ್ಯದ ಕೆಲಸದಲ್ಲಿ ಗೊತ್ತೇ ಆಗದಷ್ಟು ಸಣ್ಣದು, ಅದಕ್ಕಾಗಿ ಪ್ರತ್ಯೇಕ ಹಣ ಕೊಡುವ ಅಗತ್ಯವಿಲ್ಲ.

ಪ್ರೊಸೆಸರ್ ಬೆಸೆದೇ ಬರುತ್ತದೆ, ಮುಂದೆ ಬದಲಿಸಲಾಗದು. ನನ್ನದೇ ಸೂತ್ರದ ಪ್ರಕಾರ ಇದಕ್ಕೆ ಹಣ ಹಾಕಬೇಕಿತ್ತು. ಆದರೂ ಬೇಡವೆನ್ನುವುದು ಹೆಚ್ಚು, ಏಕೆಂದರೆ ಇಲ್ಲಿ ಜನ ಹಣ ಕೊಡುವುದು ಬಹುಮಟ್ಟಿಗೆ ಹೆಸರಿಗೆ. ಇಂಟೆಲ್‌ನ ಐ3-1215ಯು ಮತ್ತು ಐ5-1235ಯು ಎರಡನ್ನೇ ನೋಡಿ. ಮೊದಲನೆಯದರಲ್ಲಿ ಎರಡು ದೊಡ್ಡ ಕೋರ್ (ಪ್ರೊಸೆಸರಿನೊಳಗೆ ತಾನಾಗಿ ದುಡಿಯುವ ಘಟಕ), ನಾಲ್ಕು ಸಣ್ಣ ಕೋರ್; ಎರಡನೆಯದರಲ್ಲೂ ದೊಡ್ಡವು ಎರಡೇ, ಸಣ್ಣವು ಎಂಟು. ಟೈಪಿಂಗ್, ಬ್ರೌಸಿಂಗ್, ಆನ್‌ಲೈನ್ ತರಗತಿಗಳಿಗೆ ದುಡಿಯುವುದು ಮುಖ್ಯವಾಗಿ ಆ ಎರಡು ದೊಡ್ಡ ಕೋರ್‌ಗಳಾದ್ದರಿಂದ ವ್ಯತ್ಯಾಸ ಕಾಣುವುದು ಅಪರೂಪ. ಉದ್ದದ ವಿಡಿಯೊ ಸಂಪಾದಿಸುವವರಿಗೆ, ದೊಡ್ಡ ಪ್ರೋಗ್ರಾಂ ಕಂಪೈಲ್ ಮಾಡುವವರಿಗೆ ಕಾಣುತ್ತದೆ. ಎಎಂಡಿಯಲ್ಲಿ ಗೊಂದಲ ಇನ್ನೂ ಹೆಚ್ಚು. ರೈಜೆನ್ 5 7520ಯು ಮತ್ತು ರೈಜೆನ್ 5 7530ಯು ಅವಳಿಗಳಂತೆ ಕಂಡರೂ ಮೊದಲನೆಯದು 2019ರಲ್ಲಿ ಬಂದ ಜೆನ್ 2 ವಿನ್ಯಾಸದ ನಾಲ್ಕು ಕೋರ್‌ಗಳದ್ದು, ಎರಡನೆಯದು ಜೆನ್ 3 ವಿನ್ಯಾಸದ ಆರು ಕೋರ್‌ಗಳದ್ದು. ಈ ಸರಣಿಯಲ್ಲಿ ವಿನ್ಯಾಸದ ಪೀಳಿಗೆಯನ್ನು ಹೇಳುವುದು ಮೂರನೆಯ ಅಂಕಿ. ಮೇಲಾಗಿ 7520ಯು ಎಲ್‌ಪಿಡಿಡಿಆರ್5 ರ್ಯಾಮಿನೊಂದಿಗೆ ಮಾತ್ರ ಬರುತ್ತದೆ, ಅಂದರೆ ಅದರಲ್ಲಿ ರ್ಯಾಮ್ ಹೆಚ್ಚಿಸುವ ದಾರಿಯೂ ಇಲ್ಲ. ಐದರ ಹೆಸರು ನೋಡಿ ಹೆಚ್ಚು ಹಣ ಕೊಟ್ಟವರು ಎರಡು ಕಡೆ ಸೋಲುವುದು ಇಂಥಲ್ಲಿ.

ಆ ಹಣವನ್ನು ಪರದೆಗೆ ಹಾಕಿ ಎನ್ನುತ್ತೇನೆ, ಆದರೆ ಯಾವ ಅಂಗಡಿಯವರೂ ಪರದೆಯ ಮಾತನ್ನು ತಾವಾಗಿ ಎತ್ತುವುದಿಲ್ಲ. 1366×768ರ ಪರದೆಗಳು ಈಗಲೂ ತೀರಾ ಅಗ್ಗದ ಮಾದರಿಗಳಲ್ಲಿ ಸಿಗುತ್ತವೆ. ಕನ್ನಡದಲ್ಲಿ ಓದುವವರಿಗೆ ಅದರ ಕಷ್ಟ ಇಂಗ್ಲಿಷಿನವರಿಗಿಂತ ಹೆಚ್ಚು: ಸಣ್ಣ ಗಾತ್ರದಲ್ಲಿ "ಸ್ತ್ರೀ", "ಕ್ಷ್ಮ" ಮುಂತಾದ ಒತ್ತಕ್ಷರಗಳು ಒಂದರೊಳಗೊಂದು ಕಲಸಿಹೋಗುತ್ತವೆ. 1920×1080 ಇರುವುದನ್ನೇ ನೋಡಿ. ಜೊತೆಗೆ ಪರದೆಯನ್ನು ಹಿಂದಕ್ಕೆ, ಮುಂದಕ್ಕೆ ಬಾಗಿಸಿ. ಬಣ್ಣಗಳು ತಿರುಗುಮುರುಗಾದರೆ ಅದು ಟಿಎನ್ ಪ್ಯಾನೆಲ್, ಹಾಗೆಯೇ ನಿಂತರೆ ಬಹುಶಃ ಐಪಿಎಸ್. ನಾಲ್ಕು ವರ್ಷ ದಿನಕ್ಕೆ ಆರು ಗಂಟೆ ದಿಟ್ಟಿಸುವ ವಸ್ತುವಿಗೆ ಎರಡು ಸಾವಿರ ಹೆಚ್ಚಾದರೆ ನಾನು ಮರುಮಾತಿಲ್ಲದೆ ಹೂಂ ಎನ್ನುತ್ತೇನೆ.

ಉಳಿದವನ್ನು ಬೇಗ ಮುಗಿಸುತ್ತೇನೆ. ಹಣ ಕೊಟ್ಟು ಕೊಳ್ಳುವ ಆಂಟಿವೈರಸ್ ಬೇಡ, ವಿಂಡೋಸಿನಲ್ಲಿರುವುದೇ ಸಾಕು. "ಎಐ" ಎಂಬ ಸ್ಟಿಕ್ಕರಿಗೆ ಹಣ ಬೇಡ. ಮೈಕ್ರೋಸಾಫ್ಟ್‌ನ ಕೋಪೈಲಟ್ ಪ್ಲಸ್ ವರ್ಗಕ್ಕೆ ಸೇರಲು 16 ಜಿಬಿ ರ್ಯಾಮ್ ಜೊತೆಗೆ 40 ಟಾಪ್ಸ್ (ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ) ಸಾಮರ್ಥ್ಯದ ಎನ್‌ಪಿಯು, ಅಂದರೆ ಎಐ ಕೆಲಸಕ್ಕೆಂದೇ ಇರುವ ಪ್ರೊಸೆಸರ್ ಬೇಕು, ನಲವತ್ತು ಸಾವಿರದ ಆಸುಪಾಸಿನ ಯಂತ್ರಗಳ ಸ್ಟಿಕ್ಕರ್ ಅಂಥದ್ದನ್ನು ಹೇಳುತ್ತಿರುವುದಿಲ್ಲ. ಹಾಸ್ಟೆಲಿಗೆ ಹೋಗುವ ಮಕ್ಕಳಿಗೆ ಬಿದ್ದು ಒಡೆದರೂ ರಿಪೇರಿ ಮಾಡಿಕೊಡುವ ರಕ್ಷಣೆ ಸಿಕ್ಕರೆ ಕೊಳ್ಳಬಹುದು, ಬರಿಯ ವಾರಂಟಿ ವಿಸ್ತರಣೆಯಲ್ಲಿ ಬ್ಯಾಟರಿ ಸೇರಿದೆಯೇ ಎಂದು ಓದಿ ನೋಡಿ. ರ್ಯಾಮ್ ಹಾಕಿಸಲು ಹಿಂಬದಿಯ ಮುಚ್ಚಳ ಬಿಚ್ಚಿದರೆ ವಾರಂಟಿ ಉಳಿಯುತ್ತದೆಯೇ ಎಂಬುದನ್ನೂ ಕೊಳ್ಳುವ ಮುಂಚೆಯೇ ಕೇಳಿ. ಕಂಪನಿಯಿಂದ ಕಂಪನಿಗೆ ಉತ್ತರ ಬೇರೆ.

ಕಳೆದ ಸಲ ಹೀಗೆ ಕರೆ ಮಾಡಿದವರು ಮಗಳನ್ನು ಬಿ.ಎಸ್ಸಿ.ಗೆ ಸೇರಿಸಿದ್ದ ತಂದೆ. ಟಾಸ್ಕ್ ಮ್ಯಾನೇಜರ್ ತೆರೆಯಲು ಹೇಳಿದಾಗ ಫೋನನ್ನು ಅಂಗಡಿಯ ಹುಡುಗನ ಕೈಗೇ ಕೊಟ್ಟರು. ಅವನು "ರೋ ಆಫ್ ಚಿಪ್ಸ್" ಎಂದು ಓದಿದ. ಆ ಮಾದರಿಯಲ್ಲಿ ಬೇರೆ ಸ್ಲಾಟ್ ಇಲ್ಲವೆಂಬುದು ತಯಾರಕರ ಪುಟದಲ್ಲಿ ಖಚಿತವಾಯಿತು. 16 ಜಿಬಿ ತೆಗೆದುಕೊಳ್ಳಿ, ಐ5 ಬಿಡಿ ಎಂದೆ. ಹಾಗೆಯೇ ಮಾಡಿದರು. ಸ್ನೇಹಿತೆಯರ ಲ್ಯಾಪ್‌ಟಾಪ್‌ಗಳ ಮೇಲೆಲ್ಲ ಐ5 ಎಂದಿದೆಯೆಂದು ಮಗಳು ಎರಡು ದಿನ ಮುಖ ಊದಿಸಿಕೊಂಡಿದ್ದಳೆಂದು ಆಮೇಲೆ ತಿಳಿಯಿತು.