ಪೋವಿಸ್ ಕೋಟೆ: ಟಿಪ್ಪುವಿನ ಡೇರೆ ನೋಡಲು ವೇಲ್ಸ್‌ಗೆ ಹೋಗುವವರಿಗೆ

ಮೊದಲು ರೂಮಿನ ವಿಷಯ. ಕೋಟೆಯ ಪಕ್ಕದ ಪೇಟೆ ವೆಲ್ಷ್‌ಪೂಲ್‌ನಲ್ಲಿ ಪಬ್ಬಿನ ಮೇಲಿನ ರೂಮು ತಗೋಬೇಡಿ. ನಮ್ಮಿಂದ ಒಂದು ರಾತ್ರಿಗೆ 110 ಪೌಂಡ್ ಕಿತ್ತರು. ಬಿಸಿನೀರು ಬರುವಷ್ಟರಲ್ಲಿ ಸ್ನಾನದ ಆಸೆಯೇ ಹೋಗಿತ್ತು, ಕೆಳಗೆ ಹಾಡು ನಿಂತದ್ದು ನಡುರಾತ್ರಿಗೆ. ತಿಂಡಿ ಸೇರಿದೆ ಅಂದಿದ್ದರಲ್ಲ, ನಾವು ಸಸ್ಯಾಹಾರಿಗಳು ಅಂದ ತಕ್ಷಣ ಎರಡು ಟೋಸ್ಟ್, ಡಬ್ಬಿ ಬೀನ್ಸ್ ಇಟ್ಟು ಕೈತೊಳೆದುಕೊಂಡರು. ದುಡ್ಡಲ್ಲಿ ಒಂದು ಪೆನ್ನಿ ಕಡಿಮೆ ಇಲ್ಲ. ಸುಮ್ನೆ ಶ್ರೂಸ್‌ಬರಿಯಲ್ಲಿ ಉಳಿದುಕೊಳ್ಳಿ, ಅಲ್ಲಿಂದ ರೈಲಿನಲ್ಲಿ ಅರ್ಧ ಗಂಟೆಯೂ ಇಲ್ಲ. ಆದರೆ ರೈಲುಗಳೇ ಕಡಿಮೆ, ಹಾಗಾಗಿ ವಾಪಸ್ಸು ಬರುವ ಗಾಡಿಯ ಟೈಮು ನೋಡಿಕೊಂಡೇ ಹೊರಡಿ.

ವೆಲ್ಷ್‌ಪೂಲ್ ಸ್ಟೇಷನ್ನಿನಿಂದ ಟ್ಯಾಕ್ಸಿ ಬೇಕಿಲ್ಲ. ಪೇಟೆ ದಾಟಿ ಪಾರ್ಕಿನೊಳಗೆ ನಡೆದರೆ ಆಯ್ತು, ಕೊನೆಗೆ ಸ್ವಲ್ಪ ಏರು. ಹಳೇ ಓಕ್ ಮರಗಳ ನಡುವಿನಿಂದ ಕೆಂಪು ಕಲ್ಲಿನ ಕೋಟೆ ಕಾಣುತ್ತದೆ. ಮಂಡಿ ನೋವಿರುವವರು ಮಾತ್ರ ಯೋಚನೆ ಮಾಡಿ. ಒಳಗೂ ಮೆಟ್ಟಿಲು, ತೋಟದಲ್ಲೂ ಮೆಟ್ಟಿಲು.

ನಮ್ಮವರು ಬಹಳ ಜನ ಇದು ರಾಬರ್ಟ್ ಕ್ಲೈವ್‌ನ ಮನೆ ಅಂದುಕೊಂಡು ಬರುತ್ತಾರೆ. ಅಲ್ಲವೇ ಅಲ್ಲ. 13ನೇ ಶತಮಾನದಲ್ಲಿ ಇದನ್ನು ಕಟ್ಟಿಸಿದವರು ವೇಲ್ಸ್‌ನ ರಾಜವಂಶದವರು. 1587ರಲ್ಲಿ ಎಡ್ವರ್ಡ್ ಹರ್ಬರ್ಟ್ ಕೊಂಡುಕೊಂಡ. ಅಲ್ಲಿಂದ ಮುಂದೆ ಹರ್ಬರ್ಟ್ ಮನೆತನದ್ದು. ಪ್ಲಾಸಿಯ ಕ್ಲೈವ್ ಸತ್ತದ್ದು 1774ರಲ್ಲಿ. ಹತ್ತು ವರ್ಷ ಕಳೆದು ಅವನ ಮಗ, ಅವನೂ ಎಡ್ವರ್ಡ್, ಈ ಮನೆಯ ಹೆಣ್ಣುಮಗಳು ಹೆನ್ರಿಯೆಟ್ಟಾಳನ್ನು ಮದುವೆಯಾದ. ಮನೆತನಕ್ಕೆ ಹೆಸರಿತ್ತು, ಕ್ಲೈವ್‌ಗಳಿಗೆ ಹಿಂದೂಸ್ಥಾನದ ದುಡ್ಡಿತ್ತು. ಹೆನ್ರಿಯೆಟ್ಟಾಳ ಅಣ್ಣ ಮದುವೆಯಾಗದೆ 1801ರಲ್ಲಿ ತೀರಿಕೊಂಡ. ಅವನ ಉಯಿಲಿನಂತೆ ಆಸ್ತಿ ಹೋಗಬೇಕಾದದ್ದು ಸೋದರಳಿಯನಿಗೆ, ಆದರೆ ಒಂದು ಷರತ್ತು: ಅವನು ಕ್ಲೈವ್ ಅನ್ನುವ ಹೆಸರು ಬಿಟ್ಟು ಹರ್ಬರ್ಟ್ ಆಗಬೇಕು. 1807ರಲ್ಲಿ ಹಾಗೇ ಆಯ್ತು. ದುಡ್ಡು ಬೇಕು, ಹೆಸರು ಬೇಡ!

ನಮ್ಮ ಕಥೆ ಬರುವುದು ಇಲ್ಲಿ. ಹೆನ್ರಿಯೆಟ್ಟಾಳ ಗಂಡ ಎಡ್ವರ್ಡ್ ಕ್ಲೈವ್ 1798ರಿಂದ 1803ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಮಾರನೇ ವರ್ಷವೇ ಹೆನ್ರಿಯೆಟ್ಟಾ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಮದ್ರಾಸಿನಿಂದ ಹೊರಟು ಬೆಂಗಳೂರು, ಶ್ರೀರಂಗಪಟ್ಟಣ, ಆಮೇಲೆ ತಂಜಾವೂರಿನ ಕಡೆ ಎಲ್ಲ ತಿಂಗಳುಗಟ್ಟಲೆ ಸುತ್ತಿದಳು. ಚಿಕ್ಕವಳು ಷಾರ್ಲೆಟ್ ದಾರಿಯುದ್ದಕ್ಕೂ ದಿನಚರಿ ಬರೆದಳು. ಮುಂದೆ ಇದೇ ಹುಡುಗಿ ವಿಕ್ಟೋರಿಯಾ ರಾಣಿಗೆ ಚಿಕ್ಕಂದಿನಲ್ಲಿ ಗವರ್ನೆಸ್ ಆದಳು.

ಕ್ಲೈವ್ ಮ್ಯೂಸಿಯಂ ಅಂತ ಕೋಟೆಯೊಳಗೇ ಒಂದು ಭಾಗವಿದೆ, 1987ರಲ್ಲಿ ತೆರೆದದ್ದು. ಎಲ್ಲರೂ ಮೊದಲು ಅಲ್ಲಿಗೇ ನುಗ್ಗುತ್ತಾರೆ. ಜಾಗ ಇಕ್ಕಟ್ಟು, ಬಟ್ಟೆಗಳ ಬಣ್ಣ ಮಾಸಬಾರದೆಂದು ಬೆಳಕೂ ಮಂದ, ಗುಂಪಿನ ನಡುವೆ ನಿಂತು ನೋಡುವುದು ನನ್ನ ಕೈಲಿ ಆಗುವ ಕೆಲಸವಲ್ಲ. ಅದಕ್ಕೆ ನೀವು ಮೊದಲು ತೋಟಕ್ಕೆ ಹೋಗಿ, ಮ್ಯೂಸಿಯಂ ಅನ್ನು ಮಧ್ಯಾಹ್ನ ಜನ ಕಾಫಿಗೆ ಹೋದಾಗ ನೋಡಿ. ಟಿಪ್ಪುವಿನ ಸಿಂಹಾಸನದ ಚಿನ್ನದ ಹುಲಿತಲೆ ಇಲ್ಲಿದೆ. ಕೊಳ್ಳೆ ಹಂಚಿಕೊಳ್ಳಲು ಸಿಂಹಾಸನವನ್ನೇ ಒಡೆದರಲ್ಲ, ಅದರ ಕಟಕಟೆಯ ಮೇಲಿದ್ದ ಎಂಟು ಹುಲಿತಲೆಗಳಲ್ಲಿ ಇದೊಂದು. ಮುಷ್ಟಿಯಲ್ಲಿ ಹಿಡಿಸುವಷ್ಟು ಚಿಕ್ಕದು. ತುಂಬ ದೊಡ್ಡದಿರುತ್ತೆ ಅಂದುಕೊಂಡು ಹೋದವರು ಅದರ ಮುಂದೆಯೇ ಹಾದುಹೋಗುವುದನ್ನು ನೋಡಿದೆ.

ನನ್ನನ್ನು ನಿಲ್ಲಿಸಿದ್ದು ಡೇರೆಯ ಬಟ್ಟೆ. ಬಿಳಿ ಹತ್ತಿಬಟ್ಟೆ, ಕಮಾನಿನಂಥ ಒಂದೊಂದು ಗೂಡಿನಲ್ಲೂ ಒಂದು ಹೂದಾನಿ, ಅದರಿಂದ ಎರಡೂ ಕಡೆ ಸಮನಾಗಿ ಹರಡಿದ ಕೆಂಪು ಹೂವು, ಹಸಿರು ಎಲೆ. ಬಣ್ಣ ಇನ್ನೂ ಇದೆ. ಇದನ್ನು ತಂದವರು ಏನು ಮಾಡಿದರು ಗೊತ್ತಾ? ತೋಟದಲ್ಲಿ ಪಾರ್ಟಿ ಕೊಡುವಾಗ ಶಾಮಿಯಾನ ಮಾಡಿಕೊಂಡರು! ಸುಲ್ತಾನನ ಡೇರೆಯ ಕೆಳಗೆ ಟೀ. ಅದನ್ನು ಓದಿ ನನಗೆ ನಗುವೂ ಬಂತು, ಸಿಟ್ಟೂ ಬಂತು.

ತೋಟದ ಯೂ ಪೊದೆಗಳು ಬೆಳೆದು ಬೆಳೆದು ಗೋಡೆಯ ಮೇಲೆ ಮಲಗಿದ ಆನೆಗಳ ಹಾಗೆ ಇಳಿಬಿದ್ದಿವೆ. ಈಗಿನ ತೋಟದ ಅಂದದಲ್ಲಿ ದೊಡ್ಡ ಪಾಲು ಪೋವಿಸ್‌ನ ನಾಲ್ಕನೇ ಅರ್ಲ್‌ನ (ಅರ್ಲ್ ಅಂದರೆ ಈ ಮನೆತನದ ಯಜಮಾನನ ಬಿರುದು) ಹೆಂಡತಿ ವಯಲೆಟ್‌ಳದ್ದು. ಅವಳು 1929ರಲ್ಲಿ ಕಾರು ಅಪಘಾತದ ನಂತರ ತೀರಿಕೊಂಡಳು. ಒಬ್ಬ ಮಗ ಮೊದಲ ಮಹಾಯುದ್ಧದಲ್ಲಿ, ಇನ್ನೊಬ್ಬ ಎರಡನೆಯದರಲ್ಲಿ ಹೋದ. 1952ರಲ್ಲಿ ಅರ್ಲ್ ಸತ್ತಾಗ ಮನೆ, ತೋಟ ಹಳೇ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆಗೆ ಸೇರಿತು. ಒಳಗಿನ ಮಲಗುವ ಕೋಣೆ, ಚಿತ್ರಗಳ ಬಗ್ಗೆ ನಾನು ಬರೆಯುವುದಿಲ್ಲ, ಟ್ರಸ್ಟಿನವರ ಫಲಕಗಳಲ್ಲೇ ಬೇಕಾದಷ್ಟಿದೆ.

ಊಟಕ್ಕೆ ಪೇಟೆಗೇ ಇಳಿದು ಬನ್ನಿ. ದೊಡ್ಡ ಬೀದಿಯಿಂದ ಒಳಗೆ ತಿರುಗಿದರೆ ನಾಲ್ಕೈದು ಮೇಜಿನ ಒಂದು ಸಣ್ಣ ಕೆಫೆ, ಕುರಿ ಸಾಕುವ ಹಳ್ಳಿಯವರೇ ಜಾಸ್ತಿ. ಲೀಕ್-ಆಲೂಗಡ್ಡೆ ಸೂಪು, ಅಲ್ಲೇ ಸುಟ್ಟ ಬ್ರೆಡ್ಡು, ಬೆಣ್ಣೆ, ಕೆಟಲ್ ತುಂಬ ಟೀ, ಎಲ್ಲ ಸೇರಿ 8 ಪೌಂಡ್. ಸೂಪು ಮುಗಿದ ಮೇಲೆ ಆ ಅಜ್ಜಿ ಕೇಳದೇನೇ ಇನ್ನೊಂದು ಸೌಟು ಬಡಿಸಿದರು. ಕಾವಲಿಯ ಮೇಲೆ ಬೇಯಿಸಿದ ವೆಲ್ಷ್ ಕೇಕ್, ಒಣದ್ರಾಕ್ಷಿ ಹಾಕಿದ್ದು, ಬಿಸಿಬಿಸಿ ಕೊಟ್ಟರು. ಅದಕ್ಕಾಗಿಯೇ ಇನ್ನೊಮ್ಮೆ ಹೋಗಬಹುದು, ಸುಳ್ಳಲ್ಲ. ಆದರೆ ವೆಲ್ಷ್ ರೇರ್‌ಬಿಟ್ ಬರೀ ಚೀಸ್ ಟೋಸ್ಟ್ ಅಲ್ವಾ ಅಂತ ನಂಬಿ ತಿನ್ನಬೇಡಿ. ಅದಕ್ಕೆ ಹಾಕುವ ವೂಸ್ಟರ್ ಸಾಸಿನಲ್ಲಿ ಸಾಮಾನ್ಯವಾಗಿ ಮೀನು ಇರುತ್ತದೆ. ಕೇಳಿಯೇ ತಗೊಳ್ಳಿ.